ಸೆಕೆಂಡ್ ಹ್ಯಾಂಡ್ ಫಿಲ್ಮ್ ಕ್ಯಾಮೆರಾ: ಅಂಗಡಿ ಮುಂದಿನ ಪರೀಕ್ಷೆಯಿಂದ ಮೊದಲ ನೆಗೆಟಿವ್‌ವರೆಗೆ

ಹಳೇ ಫಿಲ್ಮ್ ಕ್ಯಾಮೆರಾ ಕೊಂಡವರಲ್ಲಿ ಹೆಚ್ಚಿನವರು ಮೊದಲ ರೋಲಿನಲ್ಲೇ ಚೆಂದದ ಫೋಟೊ ಬರಬೇಕು ಅಂತ ಕಾಯುತ್ತಾರೆ. ಅರ್ಧ ಮಸುಕು, ಅರ್ಧ ಕಪ್ಪು ಬಂದರೆ ಕ್ಯಾಮೆರಾ ಬೀರು ಸೇರುತ್ತದೆ. ನನ್ನ ಪ್ರಕಾರ ಮೊದಲ ರೋಲನ್ನು ಪೂರ್ತಿ ಕ್ಯಾಮೆರಾ ತಪಾಸಣೆಗೆ ಬಿಟ್ಟುಬಿಡಬೇಕು. ನಲವತ್ತು ಐವತ್ತು ವರ್ಷದ ಯಂತ್ರ ಅದು. ಯಾರು ಬಿಚ್ಚಿದ್ದರೋ, ಯಾವ ಅಟ್ಟದಲ್ಲಿ ಎಷ್ಟು ಮಳೆಗಾಲ ಕಳೆದಿತ್ತೋ ಗೊತ್ತಿಲ್ಲ. ಅದರ ಒಳಗಿನ ಸ್ಥಿತಿ ಪೂರ್ತಿ ಗೊತ್ತಾಗುವುದು ನೆಗೆಟಿವ್‌ನಲ್ಲಿ. ಅದನ್ನು ಓದಲು ಬಂದರೆ ಮೆಕ್ಯಾನಿಕ್ ಹತ್ತಿರ ಹೋದಾಗಲೂ ಇಂಥದ್ದು ಕೆಟ್ಟಿದೆ ಅಂತ ಬೆರಳಿಟ್ಟು ತೋರಿಸಬಹುದು.

ಈ ಬರಹದಲ್ಲಿ ಉದಾಹರಣೆಗೆ ಒಲಿಂಪಸ್ ಟ್ರಿಪ್ 35 ಹಿಡಿದುಕೊಂಡಿದ್ದೇನೆ. ಬೇರೆ ಕ್ಯಾಮೆರಾ ಇದ್ದರೂ ಮುಕ್ಕಾಲು ಭಾಗ ಇದೇ ಕ್ರಮ ನಡೆಯುತ್ತದೆ.

ಯಾವ ಕ್ಯಾಮೆರಾ

ಸಿಗುವ ಪುಟ್ಟ ಕ್ಯಾಮೆರಾಗಳಲ್ಲಿ ಎರಡು ಜಾತಿ. ಒಂದು, 60-70ರ ದಶಕದ ಲೋಹದ ಕ್ಯಾಮೆರಾಗಳು. ಇನ್ನೊಂದು, 80-90ರ ದಶಕದ ಪ್ಲಾಸ್ಟಿಕ್ ಆಟೊಫೋಕಸ್‌ನವು. ಮಾರುಕಟ್ಟೆಗೆ ಬಂದ ಮೊದಲ ಆಟೊಫೋಕಸ್ ಕಾಂಪ್ಯಾಕ್ಟ್ ಕೊನಿಕಾ ಸಿ35 ಎಎಫ್, 1977ರದ್ದು. ಆಮೇಲೆ 1991ರಲ್ಲಿ ಒಲಿಂಪಸ್ ಮ್ಯೂ ಬಂತು, 1997ರಲ್ಲಿ ಮ್ಯೂ-2. ಇವು ಜೇಬಿಗೆ ಹಗುರ, ಒತ್ತಿದರೆ ಸಾಕು. ಆದರೆ ಒಳಗಿನ ಎಲೆಕ್ಟ್ರಾನಿಕ್ಸ್ ಕೈಕೊಟ್ಟರೆ ಕಥೆ ಮುಗಿಯಿತು. ಬಿಡಿಭಾಗ ಸಿಗಲ್ಲ, ರಿಪೇರಿ ಮಾಡುವವರೂ ಕಮ್ಮಿ. ಆನ್‌ಲೈನ್‌ನಲ್ಲಿ ಹೆಸರು ಮಾಡಿದ ಮಾಡೆಲ್‌ಗಳ ಬೆಲೆಯಂತೂ ಕೇಳಬೇಡಿ.

ಉದ್ದ ಝೂಮ್ ಇರುವ 90ರ ದಶಕದ ಕ್ಯಾಮೆರಾಗಳನ್ನು ನಾನು ಸಲಹೆ ಮಾಡುವುದಿಲ್ಲ. ಝೂಮ್ ಪೂರ್ತಿ ಚಾಚಿದರೆ ಲೆನ್ಸಿನ ದ್ವಾರ, ಅಂದರೆ ಬೆಳಕು ಒಳಬರುವ ತೂತು, ಎಫ್ 8, ಎಫ್ 11ಕ್ಕೆ ಇಳಿಯುತ್ತದೆ. ಎಫ್ ಸಂಖ್ಯೆ ದೊಡ್ಡದಾದಷ್ಟೂ ತೂತು ಚಿಕ್ಕದು. ಬಿಸಿಲಿಲ್ಲದ ಕಡೆ ಕೈ ಅಲುಗಾಡಿದ ಫೋಟೊ ಗ್ಯಾರಂಟಿ.

ಮನೆಯ ಬೀರುವಿನಲ್ಲೇ ಯಾಶಿಕಾ ಎಂಎಫ್-2 ಬಿದ್ದಿದ್ದರೆ ಅದರಿಂದಲೇ ಶುರು ಮಾಡಿ. ಒಂದು ಕಾಲದಲ್ಲಿ ನಮ್ಮ ಕಡೆ ನಾಮಕರಣ, ಸ್ಕೂಲ್ ಟೂರು, ಧರ್ಮಸ್ಥಳದ ಪ್ರವಾಸ ಎಲ್ಲಕ್ಕೂ ಅದೇ ಹೋಗುತ್ತಿತ್ತು. ಫೋಕಸ್ ತಿರುಗಿಸುವ ಕೆಲಸವೇ ಅದರಲ್ಲಿಲ್ಲ. ಖರ್ಚಿಲ್ಲದೆ ಕೈ ಪಳಗುತ್ತದೆ.

ಕೊಳ್ಳುವುದಾದರೆ ಟ್ರಿಪ್ 35 ಯಾಕೆ? 1967ರಲ್ಲಿ ಬಂದು 1984ರವರೆಗೆ ತಯಾರಾದ ಕ್ಯಾಮೆರಾ. ಬ್ರಿಟನ್ನಿನ ಟಿವಿ ಜಾಹೀರಾತಿನಲ್ಲಿ ಅದನ್ನು ತೋರಿಸಿದವರು ಹೆಸರಾಂತ ಛಾಯಾಗ್ರಾಹಕ ಡೇವಿಡ್ ಬೇಯ್ಲಿ. 40 ಮಿ.ಮೀ. ಎಫ್ 2.8 ಲೆನ್ಸ್, ಚೂಪಾಗಿ ತೆಗೆಯುತ್ತದೆ. ಎಲ್ಲಕ್ಕಿಂತ ಮುಖ್ಯ ವಿಷಯ ಅಂದರೆ ಬ್ಯಾಟರಿಯೇ ಬೇಡ. ಲೆನ್ಸಿನ ಸುತ್ತ ಗುಳ್ಳೆಗುಳ್ಳೆಯಾದ ಉಂಗುರ ಕಾಣುತ್ತದಲ್ಲ, ಅದರ ಹಿಂದೆ ಸೆಲೆನಿಯಮ್ ಸೆಲ್ ಇದೆ. ಬೆಳಕು ಬಿದ್ದಾಗ ಅದೇ ಒಂಚೂರು ಕರೆಂಟು ಹುಟ್ಟಿಸುತ್ತದೆ, ಆ ಕರೆಂಟಿನಿಂದ ಬೆಳಕು ಅಳೆಯುವ ಮೀಟರಿನ ಮುಳ್ಳು ಆಡುತ್ತದೆ, ಮುಳ್ಳು ಎಲ್ಲಿ ನಿಂತಿದೆ ಎನ್ನುವುದರ ಮೇಲೆ ದ್ವಾರ ಎಷ್ಟು ತೆರೆಯಬೇಕು ಎನ್ನುವುದು ನಿರ್ಧಾರವಾಗುತ್ತದೆ. ಷಟರ್, ಅಂದರೆ ಫಿಲ್ಮಿಗೆ ಬೆಳಕು ಬಿಡುವ ಪುಟ್ಟ ಬಾಗಿಲು. ಅದರ ವೇಗ ಎರಡೇ: 1/200 ಮತ್ತು 1/40 ಸೆಕೆಂಡು. ಯಾವುದು ಬೇಕು ಅಂತ ಅದೇ ಆರಿಸಿಕೊಳ್ಳುತ್ತದೆ. ಬೆಳಕು ಸಾಲದಿದ್ದರೆ ವ್ಯೂಫೈಂಡರ್ ಒಳಗೆ ಕೆಂಪು ಬಾವುಟ ಏಳುತ್ತದೆ, ಬಟನ್ ಒತ್ತಲು ಬಿಡುವುದಿಲ್ಲ.

ಇದೇ ಕಾಲದ ಯಾಶಿಕಾ ಎಲೆಕ್ಟ್ರೊ 35 ಕೂಡ ಒಳ್ಳೆಯದೇ. ಆದರೆ ಗಾತ್ರ ದೊಡ್ಡದು. ಅದಕ್ಕೆ ಹಾಕುತ್ತಿದ್ದ ಪಾದರಸದ ಬ್ಯಾಟರಿ ಈಗ ತಯಾರಾಗುವುದಿಲ್ಲ, 6 ವೋಲ್ಟಿನ ಬೇರೆ ಬ್ಯಾಟರಿಯನ್ನು ಅಡಾಪ್ಟರ್ ಹಾಕಿ ಕೂರಿಸಬೇಕು.

ದುಡ್ಡು ಕೊಡುವ ಮುಂಚೆ

ಬೆಂಗಳೂರಿನಲ್ಲಿ ಇದ್ದರೆ ಚಿಕ್ಕಪೇಟೆ ಕಡೆಯ ಸಂಡೇ ಬಜಾರಿನಲ್ಲಿ ಒಮ್ಮೆ ಸುತ್ತಾಡಿ. ಟಾರ್ಪಾಲಿನ ಮೇಲೆ ಗಡಿಯಾರ, ಸ್ಪ್ಯಾನರ್, ಚಾರ್ಜರ್‌ಗಳ ಮಧ್ಯೆ ಒಂದೋ ಎರಡೋ ಕ್ಯಾಮೆರಾ ಕಣ್ಣಿಗೆ ಬೀಳುತ್ತವೆ. ‘ವರ್ಕಿಂಗ್ ಕಂಡೀಷನ್ ಸರ್, ಪಕ್ಕಾ’ ಅಂತಾರೆ. ಅವರಿಗೂ ಗೊತ್ತಿರುವುದಿಲ್ಲ. ಅವರ ಲೆಕ್ಕದಲ್ಲಿ ಟಕ್ ಅಂತ ಶಬ್ದ ಬಂದರೆ ವರ್ಕಿಂಗ್. ‘ಅಣ್ಣ, ಎರಡು ನಿಮಿಷ ನೋಡ್ತೀನಿ’ ಅಂತ ಹೇಳಿ ಬಿಸಿಲಿಗೆ ತಂದು ನೋಡಿ. ಬೇಡ ಅಂದರೆ ಅಲ್ಲಿಂದ ಎದ್ದುಬನ್ನಿ.

ಮೊದಲು ಸೆಲೆನಿಯಮ್ ಸೆಲ್. ಸೆಲ್ ಸತ್ತಿದ್ದರೆ ಟ್ರಿಪ್ ಸುಮ್ನೆ ಷೋಕೇಸಿಗೆ. ಲೆನ್ಸಿನ ಮೇಲಿನ ಉಂಗುರವನ್ನು ಎ ಅಕ್ಷರಕ್ಕೆ ತಿರುಗಿಸಿ. ಬೆರಳಚಕ್ರ (ಫಿಲ್ಮ್ ಮುಂದೆ ಸುತ್ತುವ ಚಕ್ರ) ಸುತ್ತಿ ಷಟರ್ ಏರಿಸಿ. ಅಂಗೈಯಿಂದ ಲೆನ್ಸನ್ನು ಪೂರ್ತಿ ಮುಚ್ಚಿ ಬಟನ್ ಒತ್ತಿ. ಕೆಂಪು ಬಾವುಟ ಎದ್ದು ಬಟನ್ ತಡೆಯಬೇಕು. ಕೈ ತೆಗೆದು ಬಿಸಿಲಿನ ಕಡೆ ತಿರುಗಿಸಿ ಒತ್ತಿ. ಈಗ ಟಕ್ ಅನ್ನಬೇಕು.

ಎಲ್ಲರೂ ಇಲ್ಲಿಗೇ ನಿಲ್ಲಿಸುತ್ತಾರೆ. ಇದರಿಂದ ಸೆಲ್ ಬದುಕಿದೆ ಅಂತ ಮಾತ್ರ ಗೊತ್ತಾಗುತ್ತದೆ. ಶಕ್ತಿ ಉಳಿದಿದೆಯಾ ಅಂತ ನೋಡಲು ಇನ್ನೊಂದು ಉಪಾಯ ಇದೆ. ಎಎಸ್‌ಎ ಉಂಗುರವನ್ನು (ಫಿಲ್ಮ್ ಬೆಳಕಿಗೆ ಎಷ್ಟು ಸೂಕ್ಷ್ಮ ಅಂತ ಹೇಳುವ ಸಂಖ್ಯೆಗಳದ್ದು) ಕೊನೆಯ 25ಕ್ಕೆ ಇಳಿಸಿ. ಆಕಾಶ ಕಾಣುವ ನೆರಳಿನಲ್ಲಿ ನಿಂತು, ಅಂದರೆ ಹಗಲಿನಲ್ಲಿ ಕಟ್ಟಡದ ನೆರಳು ಬಿದ್ದ ರಸ್ತೆಯಂಥ ಕಡೆ, ನೆರಳಲ್ಲಿರುವ ಗೋಡೆಗೆ ಹಿಡಿದು ಒತ್ತಿ. ಆರೋಗ್ಯವಾದ ಸೆಲ್ ಇದ್ದರೆ ಬಾವುಟ ಏಳಬಾರದು. ಎದ್ದರೆ ಸೆಲ್ ಮುದಿಯಾಗಿದೆ ಅಂತ ಅರ್ಥ. ಬೆಲೆ ಇಳಿಸಲು ಇದೊಂದೇ ಸಾಕು.

ಇನ್ನು ದ್ವಾರದ ಎಲೆಗಳು. ಹಿಂಬಾಗಿಲು ತೆಗೆಯಿರಿ. ಎ ಅಕ್ಷರವಿರುವ ಉಂಗುರವನ್ನು 2.8ಕ್ಕೆ ಇಟ್ಟು, ಕ್ಯಾಮೆರಾದ ಮುಂಭಾಗವನ್ನು ಆಕಾಶಕ್ಕೆ ಹಿಡಿದು, ಹಿಂದಿನಿಂದ ನೋಡುತ್ತಾ ಬಟನ್ ಒತ್ತಿ. ದೊಡ್ಡ ಬೆಳಕಿನ ತೂತು ಮಿಂಚಿ ಮಾಯವಾಗಬೇಕು. ಈಗ 22ಕ್ಕೆ ತಿರುಗಿಸಿ ಮತ್ತೆ ಒತ್ತಿ. ಸಾಸಿವೆ ಕಾಳಿನಷ್ಟೇ ಕಾಣಬೇಕು. ಎರಡೂ ಒಂದೇ ಗಾತ್ರ ಕಂಡರೆ ಎಲೆಗಳಿಗೆ ಎಣ್ಣೆ ಅಂಟಿ ಹಿಡಿದುಕೊಂಡಿವೆ. ಟ್ರಿಪ್‌ನಲ್ಲಿ ಇದು ಬಹಳ ಸಾಮಾನ್ಯ ಕಾಯಿಲೆ. ಬಿಚ್ಚಿ ತೊಳೆದರೆ ಸರಿಹೋಗುತ್ತದೆ, ಆದರೆ ಅದು ತಿಳಿದವರ ಕೆಲಸ.

ಲೆನ್ಸಿಗೆ ಫೋನಿನ ಟಾರ್ಚ್ ಬಿಡಿ. ಒಂದು ಕಡೆಯಿಂದ ಬೆಳಕು ಹಾಯಿಸಿ ಇನ್ನೊಂದು ಕಡೆಯಿಂದ ಓರೆಯಾಗಿ ನೋಡಿ. ಧೂಳಿನ ಕಣಗಳಿಗೆ ತಲೆ ಕೆಡಿಸಿಕೊಳ್ಳಬೇಡಿ. ಒಂದೆರಡು ಸಣ್ಣ ಗೀರೂ ಪರವಾಗಿಲ್ಲ. ಕವಲೊಡೆದ ಬಿಳಿ ದಾರಗಳಂತೆ ಕಂಡರೆ ಬೂಷ್ಟು. ಕರಾವಳಿ, ಮಲೆನಾಡಿನ ಮನೆಗಳಿಂದ ಬಂದ ಕ್ಯಾಮೆರಾಗಳಲ್ಲಿ ಇದು ಜಾಸ್ತಿ. ಅಂಚಿನಲ್ಲಿ ಒಂಚೂರು ಇದ್ದರೆ ಫೋಟೊದಲ್ಲಿ ಗೊತ್ತಾಗದು. ಮಧ್ಯದಲ್ಲಿ ಹರಡಿದ್ದರೆ ಬಿಟ್ಟುಬಿಡಿ. ಮೂಗಿಗೆ ಹತ್ತಿರ ಹಿಡಿದು ಮೂಸಿಯೂ ನೋಡಿ. ಮುಗ್ಗು ವಾಸನೆ ಬಂದರೆ ಅನುಮಾನ ಪಡಬೇಕು.

ಆಟೊಫೋಕಸ್ ಕ್ಯಾಮೆರಾ ನೋಡಲು ಹೋಗುವಾಗ ಬ್ಯಾಟರಿ ನೀವೇ ಒಯ್ಯಿರಿ. ‘ಬ್ಯಾಟರಿ ಹಾಕಿದ್ರೆ ನಡೆಯತ್ತೆ’ ಎನ್ನುವ ಮಾತಿಗೆ ಬೆಲೆಯಿಲ್ಲ. ಬ್ಯಾಟರಿ ಮನೆಯಲ್ಲಿ ಹಸಿರು, ಬಿಳಿ ಪುಡಿ ಇದೆಯಾ ನೋಡಿ. ಫ್ಲಾಶ್ ಚಾರ್ಜ್ ಆಗುತ್ತದಾ, ಹತ್ತಿರ ದೂರ ಹಿಡಿದಾಗ ಲೆನ್ಸ್ ಕದಲುವ ಸದ್ದು ಬೇರೆಬೇರೆ ಕೇಳಿಸುತ್ತದಾ ಗಮನಿಸಿ. ಇಂಥ ಕ್ಯಾಮೆರಾವನ್ನು ಮನೆಯಲ್ಲಿ ಬಿಚ್ಚುವ ಸಾಹಸ ಬೇಡ. ಫ್ಲಾಶಿನ ಕೆಪಾಸಿಟರ್‌ನಲ್ಲಿ ಸುಮಾರು 300 ವೋಲ್ಟ್ ಕೂತಿರುತ್ತದೆ. ಬ್ಯಾಟರಿ ತೆಗೆದ ಮೇಲೂ ಹೊಡೆಯುತ್ತದೆ.

ಮನೆಗೆ ತಂದ ಮೇಲೆ

ಹಿಂಬಾಗಿಲಿನ ಅಂಚಿನ ಸಣ್ಣ ತೋಡಿನಲ್ಲಿ ಕಪ್ಪು ಸ್ಪಂಜಿನ ಪಟ್ಟಿ ಇರುತ್ತದೆ. ಬೆಳಕು ಒಳಗೆ ನುಸುಳದಂತೆ ತಡೆಯುವುದು ಅದರ ಕೆಲಸ. ವಯಸ್ಸಾದಂತೆ ಅದು ಕರಗಿ ಟಾರಿನಂತೆ ಅಂಟಾಗುತ್ತದೆ. ಬೆರಳಿಟ್ಟರೆ ಕಪ್ಪು ಹತ್ತಿದರೆ ಬದಲಿಸಲೇಬೇಕು.

ಟೂತ್‌ಪಿಕ್‌ನಿಂದ ಹಳೆಯದನ್ನು ಕೆರೆದು ತೆಗೆಯಿರಿ. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿ ತೋಡು ಒರೆಸಿ. ಕ್ಯಾಮೆರಾವನ್ನು ಬಾಗಿಲು ಕೆಳಮುಖವಾಗಿ ಹಿಡಿದುಕೊಂಡೇ ಈ ಕೆಲಸ ಮಾಡಿ, ಚೂರುಗಳು ಷಟರ್ ಒಳಗೆ ಬೀಳಬಾರದು. ಹೊಸ ಸ್ಪಂಜ್ ಪಟ್ಟಿ ಆನ್‌ಲೈನ್‌ನಲ್ಲಿ ಸಿಗುತ್ತದೆ. ಸಿಗದಿದ್ದರೆ ಕಪ್ಪು ಉಲ್ಲನ್ ನೂಲು ತೋಡಿನೊಳಗೆ ಒತ್ತಿ ಕೂರಿಸಿದರೂ ನಡೆಯುತ್ತದೆ. ಮೇಲೆ ಕೆಳಗೆ ಎರಡು ತೋಡು, ಜೊತೆಗೆ ಕೀಲಿನ ಪಕ್ಕದ ಪಟ್ಟಿ. ಕೀಲಿನ ಕಡೆಯದನ್ನು ಬಹಳ ಜನ ಮರೆಯುತ್ತಾರೆ, ಬೆಳಕು ಹೆಚ್ಚಾಗಿ ಸೋರುವುದೇ ಅಲ್ಲಿಂದ.

ಬ್ಯಾಟರಿ ಮನೆಯಲ್ಲಿ ಪುಡಿ ಇದ್ದರೆ ನಿಂಬೆರಸ ಅಥವಾ ವಿನೆಗರ್ ಹಚ್ಚಿದ ಹತ್ತಿಕಡ್ಡಿಯಿಂದ ಒರೆಸಿ, ಆಮೇಲೆ ಆಲ್ಕೊಹಾಲ್, ಆಮೇಲೆ ಒಣಗಲು ಬಿಡಿ.

ರೋಲ್ ಹಾಕುವುದು

ಪರೀಕ್ಷೆಗೆ ಹೊಸ ರೋಲೇ ಬೇಕು. ಡೇಟ್ ಮುಗಿದ ರೋಲ್ ಅಗ್ಗಕ್ಕೆ ಸಿಕ್ಕಿತು ಅಂತ ಹಾಕಿದರೆ, ತಪ್ಪು ಫಿಲ್ಮಿನದೋ ಕ್ಯಾಮೆರಾದ್ದೋ ಅಂತ ಗೊತ್ತಾಗುವುದಿಲ್ಲ. ಕೊಡಾಕ್ ಗೋಲ್ಡ್ 200 ಅಥವಾ ಕಲರ್‌ಪ್ಲಸ್ 200 ಆಗುತ್ತದೆ. ಟ್ರಿಪ್‌ಗೆ 200ರ ಫಿಲ್ಮೇ ಒಳ್ಳೆಯದು, ಕಾರಣ ಮುಂದೆ ಹೇಳುತ್ತೇನೆ. ನಮ್ಮ ಊಟಿಯಲ್ಲೇ ಹಿಂದುಸ್ತಾನ್ ಫೋಟೊ ಫಿಲ್ಮ್ಸ್ ಇತ್ತು, ‘ಇಂದು’ ಹೆಸರಿನ ಕಪ್ಪು-ಬಿಳುಪು ಫಿಲ್ಮ್ ಮಾಡುತ್ತಿದ್ದರು. ಅದು ಮುಚ್ಚಿಹೋಗಿ ಕಾಲವಾಯಿತು. ಈಗ ಎಲ್ಲ ಹೊರದೇಶದ್ದೇ, ಅದಕ್ಕೇ ಈ ಬೆಲೆ. ರೋಲು, ತೊಳೆಸುವುದು (ಡೆವಲಪ್), ಸ್ಕ್ಯಾನು ಸೇರಿದರೆ ಸಾವಿರ ದಾಟುತ್ತದೆ. ಅಂದರೆ ಒಂದು ಕ್ಲಿಕ್ಕಿಗೆ ಮೂವತ್ತು ರೂಪಾಯಿಯ ಲೆಕ್ಕ ಇಟ್ಟುಕೊಳ್ಳಿ.

ಒಂದು ಎಚ್ಚರಿಕೆ. ಸಿನಿಮಾ ಫಿಲ್ಮನ್ನು ಸಣ್ಣ ಡಬ್ಬಿಗೆ ಸುತ್ತಿ ಕಮ್ಮಿ ಬೆಲೆಗೆ ಮಾರುತ್ತಾರೆ. ಬಣ್ಣ ಚೆನ್ನಾಗಿಯೇ ಬರುತ್ತದೆ. ಆದರೆ ಅದರ ಬೆನ್ನಿಗೆ ರೆಮ್‌ಜೆಟ್ ಎಂಬ ಕಪ್ಪು ಪದರ ಇದ್ದರೆ ಮಾಮೂಲಿ ಸ್ಟುಡಿಯೋದ ಮಶೀನಿಗೆ ಹಾಕುವಂತಿಲ್ಲ. ಅದು ಕಳಚಿ ಮಶೀನಿನ ದ್ರಾವಣವನ್ನೆಲ್ಲ ಹಾಳುಮಾಡುತ್ತದೆ. ಮೊದಲ ರೋಲಿಗೆ ಈ ಉಸಾಬರಿ ಬೇಡ.

1. ನೆರಳಿನಲ್ಲಿ ನಿಂತು ಹಿಂಬಾಗಿಲು ತೆಗೆಯಿರಿ. ಟ್ರಿಪ್‌ನಲ್ಲಿ ಪಕ್ಕದ ಚಿಲಕ ಎಳೆಯಬೇಕು. ಬೇರೆ ಹಲವು ಕ್ಯಾಮೆರಾಗಳಲ್ಲಿ ರಿವೈಂಡ್ ಗುಬ್ಬಿಯನ್ನೇ (ಫಿಲ್ಮನ್ನು ವಾಪಸ್ ಡಬ್ಬಿಗೆ ಸುತ್ತುವ ಗುಂಡಿ) ಮೇಲಕ್ಕೆ ಎಳೆದರೆ ತೆರೆದುಕೊಳ್ಳುತ್ತದೆ.

2. ರಿವೈಂಡ್ ಗುಬ್ಬಿ ಎತ್ತಿ ಡಬ್ಬಿಯನ್ನು ಎಡಗಡೆ ಕೂರಿಸಿ. ಗುಬ್ಬಿಯನ್ನು ಒಂಚೂರು ಆಚೀಚೆ ತಿರುಗಿಸುತ್ತಾ ಕೆಳಗೆ ಒತ್ತಿ.

3. ಫಿಲ್ಮಿನ ನಾಲಿಗೆ ಎಳೆದು ಬಲಗಡೆಯ ಸುರುಳಿಯ ಸೀಳಿಗೆ ತೂರಿಸಿ. ಬೆರಳಚಕ್ರ ತಿರುಗಿಸಿ. ಫಿಲ್ಮಿನ ಎರಡೂ ಅಂಚಿನ ತೂತುಗಳು ಹಲ್ಲಿಗೆ ಸರಿಯಾಗಿ ಕೂತ ಮೇಲೆಯೇ ಬಾಗಿಲು ಮುಚ್ಚಿ.

4. ರಿವೈಂಡ್ ಹಿಡಿಕೆ ಮಡಚಿದ್ದನ್ನು ಬಿಡಿಸಿ, ಬಾಣದ ಗುರುತಿನ ಕಡೆಗೆ ಮೆಲ್ಲಗೆ ತಿರುಗಿಸಿ. ಬಿಗಿ ಸಿಕ್ಕಿದ ಕೂಡಲೇ ನಿಲ್ಲಿಸಿ.

5. ಈಗ ಚಕ್ರ ಸುತ್ತಿ, ಕ್ಲಿಕ್ ಮಾಡಿ, ಮತ್ತೆ ಸುತ್ತಿ. ಸುತ್ತುವಾಗ ರಿವೈಂಡ್ ಹಿಡಿಕೆ ತಾನಾಗಿ ಹಿಮ್ಮುಖ ತಿರುಗುತ್ತಿರಬೇಕು. ತಿರುಗದಿದ್ದರೆ ಫಿಲ್ಮ್ ಮುಂದೆ ಹೋಗುತ್ತಿಲ್ಲ. ಬಾಗಿಲು ತೆಗೆದು ಮತ್ತೆ ಹಾಕಿ. ಮೂವತ್ತಾರು ಕ್ಲಿಕ್ ಆದಮೇಲೆ ರೋಲು ಅಲ್ಲಾಡಿರಲೇ ಇಲ್ಲ ಅಂತ ಗೊತ್ತಾಗುವುದಕ್ಕಿಂತ ಒಂದೆರಡು ಫ್ರೇಮ್ ಹೋದರೆ ಏನೂ ನಷ್ಟವಿಲ್ಲ.

6. ಲೆನ್ಸಿನ ಸುತ್ತ ಇರುವ ಎಎಸ್‌ಎ ಉಂಗುರ 200ಕ್ಕೆ. ಇನ್ನೊಂದು ಉಂಗುರ ಎ ಗುರುತಿಗೆ. ಎಎಸ್‌ಎ, ಐಎಸ್‌ಒ ಎರಡೂ ಒಂದೇ ಸಂಖ್ಯೆ.

ಆಟೊಫೋಕಸ್ ಕ್ಯಾಮೆರಾಗಳಲ್ಲಿ ಈ ತಾಪತ್ರಯ ಇಲ್ಲ. ನಾಲಿಗೆಯನ್ನು ಗುರುತಿನವರೆಗೆ ಎಳೆದಿಟ್ಟು ಮುಚ್ಚಿದರೆ ಅದೇ ಸುತ್ತಿಕೊಳ್ಳುತ್ತದೆ. ಡಬ್ಬಿಯ ಮೇಲಿನ ಕಪ್ಪು-ಬೆಳ್ಳಿ ಚೌಕಗಳನ್ನು ಓದಿ ಐಎಸ್‌ಒ ಕೂಡ ತಾನೇ ತಿಳಿದುಕೊಳ್ಳುತ್ತದೆ.

ಪರೀಕ್ಷೆಯ ರೋಲು

ಮೊದಲ ಅರ್ಧ ರೋಲನ್ನು ಲೆಕ್ಕ ಹಾಕಿ ತೆಗೆಯಿರಿ. ಪ್ರತಿ ಫ್ರೇಮಿಗೂ ಫೋನಿನಲ್ಲಿ ಒಂದು ಸಾಲು ಬರೆದಿಡಿ: ನಂಬರ್, ಬೆಳಕು ಹೇಗಿತ್ತು, ಫೋಕಸ್ ಎಲ್ಲಿತ್ತು. ಬೇಜಾರಿನ ಕೆಲಸ ನಿಜ. ಇದಿಲ್ಲದೆ ನೆಗೆಟಿವ್ ನೋಡಿದರೆ ತಲೆಬುಡ ಗೊತ್ತಾಗುವುದಿಲ್ಲ.

ಬೆಳಕಿನ ಪರೀಕ್ಷೆಗೆ ಒಂದೇ ವಸ್ತು ಸಾಕು. ಮನೆಯ ಕಾಂಪೌಂಡ್ ಗೋಡೆಯೇ ಆಗಬಹುದು. ಅದನ್ನು ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ ಎರಡು ಫ್ರೇಮ್, ಮೋಡ ಕವಿದಾಗ ಎರಡು, ನೆರಳಿನಲ್ಲಿ ಎರಡು, ಸಂಜೆ ಬಾವುಟ ಏಳುವ ಸ್ವಲ್ಪ ಮುಂಚೆ ಎರಡು. ಬಿಸಿಲಿನಲ್ಲಿ ದ್ವಾರ ಪುಟ್ಟದಾಗುತ್ತದೆ, ಸಂಜೆ ಪೂರ್ತಿ ತೆರೆಯುತ್ತದೆ. ಹೀಗೆ ಎಲೆಗಳ ಪೂರ್ತಿ ಓಡಾಟ ಪರೀಕ್ಷೆಯಾಗುತ್ತದೆ.

ಫೋಕಸ್ ಪರೀಕ್ಷೆ ಸ್ವಲ್ಪ ತಾಳ್ಮೆ ಕೇಳುತ್ತದೆ. ಟ್ರಿಪ್‌ನಲ್ಲಿ ನಾಲ್ಕು ಚಿತ್ರಗಳಿವೆ: ಒಬ್ಬರು, ಅಂದರೆ 1 ಮೀಟರ್. ಇಬ್ಬರು, 1.5 ಮೀಟರ್. ಮೂವರು, 3 ಮೀಟರ್. ಬೆಟ್ಟ, ಅಂದರೆ ಅದರಾಚೆ ಎಲ್ಲ. ಈ ಪರೀಕ್ಷೆಯನ್ನು ಬಿಸಿಲಿನಲ್ಲಿ ಮಾಡಿದರೆ ಉಪಯೋಗವಿಲ್ಲ. ದ್ವಾರ ಚಿಕ್ಕದಾದಾಗ ಹತ್ತಿರ ದೂರ ಎಲ್ಲವೂ ಚೂಪಾಗಿ ಬಂದು ತಪ್ಪು ಮುಚ್ಚಿಹೋಗುತ್ತದೆ. ಕಿಟಕಿ ಬೆಳಕು ಬೀಳುವ ಹಜಾರದಲ್ಲಿ ಬಾಗಿಲಿಗೆ ದಿನಪತ್ರಿಕೆ ಅಂಟಿಸಿ. ದರ್ಜಿಯ ಟೇಪು ಹಿಡಿದು ಕ್ಯಾಮೆರಾದ ಬೆನ್ನಿನಿಂದ ಪತ್ರಿಕೆಗೆ ಸರಿಯಾಗಿ 1 ಮೀಟರ್ ಅಳೆಯಿರಿ. ಎಫ್ 2.8ರಲ್ಲಿ 1 ಮೀಟರ್ ದೂರಕ್ಕೆ ಚೂಪಾಗಿರುವ ಜಾಗ ಹಿಂದೆ ಮುಂದೆ ಸೇರಿ ಸುಮಾರು 10 ಸೆಂಟಿಮೀಟರ್ ಅಷ್ಟೇ. ಪಕ್ಕದಲ್ಲಿ ಸ್ಟೂಲುಗಳ ಮೇಲೆ ಒಂದು ಡಬ್ಬಿ ಒಂದು ಗೇಣು ಮುಂದೆ, ಇನ್ನೊಂದು ಎರಡು ಗೇಣು ಮುಂದೆ ಬರುವಂತೆ ಇಡಿ. ನೆಗೆಟಿವ್‌ನಲ್ಲಿ ಪತ್ರಿಕೆ ಮಸುಕಾಗಿ ಡಬ್ಬಿಯ ಅಕ್ಷರ ಚೂಪಾಗಿ ಬಂದರೆ ಫೋಕಸ್ ಎತ್ತ ಸರಿದಿದೆ ಅಂತ ತಕ್ಷಣ ಗೊತ್ತಾಗುತ್ತದೆ. ಇದೇ ರೀತಿ 1.5, 3 ಮೀಟರ್. ಬೆಟ್ಟದ ಗುರುತಿಗೆ ದೂರದ ನೀರಿನ ಟ್ಯಾಂಕೋ ಟವರೋ ನೋಡಿಕೊಳ್ಳಿ. ಇದನ್ನೂ ಸಂಜೆ ಬೆಳಕಿನಲ್ಲಿ.

ಬೆಳಕು ಸೋರುತ್ತದಾ ಅಂತ ನೋಡಲು ರೋಲಿನ ಮಧ್ಯದಲ್ಲಿ ಒಂದು ಕಡೆ ಲೆನ್ಸ್ ಮುಚ್ಚಳ ಹಾಕಿ, ಕ್ಯಾಮೆರಾದ ಬೆನ್ನನ್ನು ಐದು ನಿಮಿಷ ಬಿಸಿಲಿಗೆ ತಿರುಗಿಸಿಡಿ. ಆ ಫ್ರೇಮಿನ ನಂಬರ್ ಬರೆದುಕೊಳ್ಳಿ.

ಉಳಿದ ಅರ್ಧ ರೋಲು ನಿಮ್ಮದು. ದಿನಾ ಓಡಾಡುವ ದಾರಿಯಲ್ಲೇ ತೆಗೆಯಿರಿ.

ದಿನನಿತ್ಯದ ಓಡಾಟದಲ್ಲಿ

ಇಂಥ ಕ್ಯಾಮೆರಾದಲ್ಲಿ ನಾನು ಫೋಕಸನ್ನು ಮೂವರ ಚಿತ್ರಕ್ಕೆ ಇಟ್ಟುಬಿಡುತ್ತೇನೆ. ಎಫ್ 8ರಲ್ಲಿ ಸುಮಾರು 2 ಮೀಟರಿನಿಂದ 5 ಮೀಟರ್‌ವರೆಗೆ ಎಲ್ಲವೂ ಚೂಪು. ಎಫ್ 16 ಆದರೆ ಒಂದೂವರೆ ಮೀಟರಿನಿಂದ ಆಚೆಗೆ ಬಹುತೇಕ ಎಲ್ಲವೂ. ಹೂ ಮಾರುವವರು, ದರ್ಶಿನಿ ಮುಂದೆ ನಿಂತು ಕಾಫಿ ಕುಡಿಯುವವರು, ಬಸ್ ಸ್ಟಾಪು, ಇವೆಲ್ಲ ಈ ದೂರದಲ್ಲೇ ಸಿಗುತ್ತವೆ. ಕ್ಯಾಮೆರಾ ಎತ್ತಿ ಒತ್ತಿದರೆ ಮುಗಿಯಿತು. ಹತ್ತಿರ ಹೋದಾಗ ಮಾತ್ರ ಉಂಗುರ ತಿರುಗಿಸುವುದು. 1 ಮೀಟರ್ ದೂರದಿಂದ ಮುಖ ತೆಗೆಯುವಾಗ ವ್ಯೂಫೈಂಡರ್ ಒಳಗಿನ ಸಣ್ಣ ಗೆರೆಗಳನ್ನು ನೋಡಿಕೊಳ್ಳಿ. ನೀವು ನೋಡುವ ಕಿಂಡಿ ಬೇರೆ, ಲೆನ್ಸ್ ಬೇರೆ. ಗೆರೆಯ ಹೊರಗೆ ಹೋದದ್ದು ಫೋಟೊದಲ್ಲಿ ಕತ್ತರಿಸಿಹೋಗುತ್ತದೆ.

ಗುರುತಿಲ್ಲದವರ ಮುಖ ತೆಗೆಯುವ ಮುಂಚೆ ‘ಒಂದು ಫೋಟೊ ತೆಗೀಲಾ ಅಮ್ಮ?’ ಅಂತ ಕೇಳಿ. ಹಳೇ ಕ್ಯಾಮೆರಾ ನೋಡಿದರೆ ಹೆಚ್ಚಿನವರು ನಗುತ್ತಲೇ ಒಪ್ಪುತ್ತಾರೆ. ‘ಇದರಲ್ಲಿ ಇನ್ನೂ ರೋಲ್ ಸಿಗತ್ತಾ?’ ಅನ್ನೋ ಪ್ರಶ್ನೆಗೆ ಉತ್ತರ ರೆಡಿ ಇರಲಿ.

ಕಿಟಕಿಗೆ ಬೆನ್ನು ಹಾಕಿ ಕೂತ ಅಜ್ಜಿಯ ಫೋಟೊ ತೆಗೆದರೆ ಮುಖ ಕಪ್ಪಾಗುತ್ತದೆ. ಮೀಟರು ಕಿಟಕಿಯ ಬೆಳಕನ್ನೇ ಲೆಕ್ಕ ಹಿಡಿಯುತ್ತದೆ. ಟ್ರಿಪ್‌ನಲ್ಲಿ ಬಟನ್ ಅರ್ಧ ಒತ್ತಿದರೆ ಮೀಟರಿನ ಮುಳ್ಳು ಅಲ್ಲೇ ನಿಲ್ಲುತ್ತದೆ. ಕ್ಯಾಮೆರಾವನ್ನು ಅದೇ ಕೋಣೆಯ ಮಬ್ಬುಗೋಡೆಗೆ ತಿರುಗಿಸಿ ಅರ್ಧ ಒತ್ತಿ ಹಿಡಿದು, ಅಜ್ಜಿ ಕಡೆ ತಿರುಗಿ ಪೂರ್ತಿ ಒತ್ತಿ.

ರಾತ್ರಿ ಮನೆಯೊಳಗೆ ಟ್ಯೂಬ್‌ಲೈಟಿನಲ್ಲಿ ಕೆಂಪು ಬಾವುಟ ಏಳುವುದು ಸಹಜ, ಕ್ಯಾಮೆರಾ ಕೆಟ್ಟಿಲ್ಲ. ಅಲ್ಲಿ ಫ್ಲಾಶ್ ಬೇಕು. ಉಂಗುರವನ್ನು ಎಫ್ ಸಂಖ್ಯೆಗೆ ತಿರುಗಿಸಿದರೆ ಷಟರ್ 1/40ಕ್ಕೆ ನಿಲ್ಲುತ್ತದೆ. ಫ್ಲಾಶಿನ ಗೈಡ್ ನಂಬರನ್ನು (ಅದರ ಶಕ್ತಿ ಹೇಳುವ ಸಂಖ್ಯೆ) ದೂರದಿಂದ ಭಾಗಿಸಿದರೆ ಎಫ್ ಸಂಖ್ಯೆ ಸಿಕ್ಕಿತು. ನಂಬರ್ 20 ಇದ್ದು ಎರಡೂವರೆ ಮೀಟರ್ ದೂರ ಅಂದರೆ ಎಫ್ 8. ಆ ನಂಬರ್ ಸಾಮಾನ್ಯವಾಗಿ ಐಎಸ್‌ಒ 100ರದ್ದು. 200ರ ಫಿಲ್ಮಿಗೆ ಒಂದು ಮೆಟ್ಟಿಲು, ಅಂದರೆ ಬೆಳಕು ಅರ್ಧವಾಗುವಷ್ಟು, ಇಳಿಸಿ ಎಫ್ 11 ಇಡಿ.

ಇನ್ನೊಂದು ಸಣ್ಣ ಸಂತೋಷ: ಟ್ರಿಪ್‌ನಲ್ಲಿ ಮುಚ್ಚಳ ಹಾಕಿಕೊಂಡೇ ಫೋಟೊ ತೆಗೆಯಲು ಆಗುವುದಿಲ್ಲ. ಮುಚ್ಚಳ ಸೆಲ್ಲನ್ನೂ ಮುಚ್ಚುವುದರಿಂದ ಬಾವುಟ ಎದ್ದು ತಡೆಯುತ್ತದೆ.

ರೋಲ್ ತೆಗೆದು ಲ್ಯಾಬಿಗೆ

ಚಕ್ರ ಗಟ್ಟಿಯಾಗಿ ನಿಂತರೆ ರೋಲ್ ಮುಗಿಯಿತು. ಬಲ ಹಾಕಿ ಸುತ್ತಬೇಡಿ, ಫಿಲ್ಮ್ ಹರಿಯುತ್ತದೆ. ಕೆಳಗಿನ ಪುಟ್ಟ ಬಟನ್ ಒತ್ತಿ, ರಿವೈಂಡ್ ಹಿಡಿಕೆಯನ್ನು ಬಾಣದ ಕಡೆ ತಿರುಗಿಸುತ್ತಾ ಹೋಗಿ. ಕೊನೆಗೆ ಬಿಗಿ ತಟ್ಟನೆ ಸಡಿಲವಾಗುತ್ತದೆ. ಇನ್ನೂ ನಾಲ್ಕು ಸುತ್ತು ತಿರುಗಿಸಿ ಆಮೇಲೆ ಬಾಗಿಲು ತೆಗೆಯಿರಿ.

ಕಲರ್ ನೆಗೆಟಿವ್ ಆದರೆ ಸಿ-41 ವಿಧಾನದಲ್ಲಿ ತೊಳೆಯುತ್ತಾರೆ. ಮೊದಲ ದ್ರಾವಣದಲ್ಲಿ 37.8 ಡಿಗ್ರಿಗೆ 3 ನಿಮಿಷ 15 ಸೆಕೆಂಡು ಅನ್ನುವುದು ನಿಗದಿಯಾದ ಲೆಕ್ಕ. ಕಪ್ಪು-ಬಿಳುಪಿಗೆ ಬೇರೆ ದ್ರಾವಣ, ಕೊಡುವಾಗಲೇ ಹೇಳಿ. ಕೌಂಟರಿನಲ್ಲಿ ಎರಡು ಮಾತು ತಪ್ಪದೆ ಹೇಳಬೇಕು. ಒಂದು, ‘ನೆಗೆಟಿವ್ ವಾಪಸ್ ಬೇಕು’. ಸ್ಕ್ಯಾನ್ ಕಳಿಸಿ ನೆಗೆಟಿವ್ ಎಸೆಯುವ ಕಡೆಗಳೂ ಇವೆ. ಇನ್ನೊಂದು, ‘ಪೂರ್ತಿ ಪಟ್ಟಿ ಸ್ಕ್ಯಾನ್ ಮಾಡಿ, ಸರಿ ಬಂದಿಲ್ಲ ಅಂತ ಯಾವುದನ್ನೂ ಬಿಡಬೇಡಿ’. ನಿಮಗೆ ಬೇಕಾಗಿರುವುದೇ ಆ ಕೆಟ್ಟವು ಅಲ್ವಾ.

ವಿಮಾನದಲ್ಲಿ ಹೋಗುವುದಿದ್ದರೆ ಫಿಲ್ಮನ್ನು ಲಗೇಜಿಗೆ ಹಾಕಬೇಡಿ, ಕೈಚೀಲದಲ್ಲಿ ಇಟ್ಟುಕೊಂಡು ಕೈಯಲ್ಲೇ ಪರೀಕ್ಷಿಸಲು ಕೇಳಿ. ವಿಮಾನ ನಿಲ್ದಾಣದ ಹೊಸ ಸಿಟಿ (CT) ಸ್ಕ್ಯಾನರ್‌ಗಳಿಂದ ಫಿಲ್ಮ್ ಮಂಜಾಗುತ್ತದೆ.

ನೆಗೆಟಿವ್ ಓದುವುದು

ಸ್ಕ್ಯಾನ್ ನೋಡಿ ತೀರ್ಮಾನಕ್ಕೆ ಬರಬೇಡಿ. ಸ್ಕ್ಯಾನರಿನ ಸಾಫ್ಟ್‌ವೇರ್ ಕಪ್ಪಾದದ್ದನ್ನು ಬೆಳಗಿಸಿ, ಬೆಳಕು ಜಾಸ್ತಿಯಾದದ್ದನ್ನು ಇಳಿಸಿ ಎಲ್ಲ ಒಂದೇ ಮಟ್ಟಕ್ಕೆ ತರುತ್ತದೆ. ಕ್ಯಾಮೆರಾದ ತಪ್ಪು ಅದರಲ್ಲಿ ಮುಚ್ಚಿಹೋಗುತ್ತದೆ. ಫೋನಿನ ಸ್ಕ್ರೀನನ್ನು ಬರೀ ಬಿಳಿ ಮಾಡಿ, ಅದರಿಂದ ಒಂದಿಷ್ಟು ಎತ್ತರಕ್ಕೆ ನೆಗೆಟಿವ್ ಹಿಡಿದು ನೋಡಿ. ನಿಮ್ಮ ಟಿಪ್ಪಣಿ ಪಕ್ಕದಲ್ಲಿರಲಿ. ನೆಗೆಟಿವ್‌ನಲ್ಲಿ ಎಲ್ಲ ಉಲ್ಟಾ: ಬೆಳಕು ಜಾಸ್ತಿ ಬಿದ್ದಲ್ಲಿ ದಟ್ಟ, ಕಮ್ಮಿ ಬಿದ್ದಲ್ಲಿ ತೆಳು.

ಮೊದಲು ಅಂಚಿನ ಅಕ್ಷರಗಳನ್ನು ನೋಡಿ. ಫಿಲ್ಮಿನ ಹೆಸರು, ನಂಬರುಗಳನ್ನು ಫ್ಯಾಕ್ಟರಿಯಲ್ಲೇ ಅಚ್ಚು ಹಾಕಿರುತ್ತಾರೆ. ಅವು ಸ್ಪಷ್ಟವಾಗಿದ್ದರೆ ತೊಳೆದದ್ದು ಸರಿಯಿದೆ. ಅಕ್ಷರ ಚೆನ್ನಾಗಿದ್ದು ಫ್ರೇಮುಗಳೆಲ್ಲ ಖಾಲಿ ಇದ್ದರೆ ಷಟರ್ ತೆರೆದಿಲ್ಲ, ಅಥವಾ ಫಿಲ್ಮ್ ಮುಂದೆ ಹೋಗಿಲ್ಲ. ಅಕ್ಷರವೂ ಇಲ್ಲದಿದ್ದರೆ ತೊಳೆಯುವಲ್ಲಿ ಎಡವಟ್ಟಾಗಿದೆ. ಪಾಪ, ಕ್ಯಾಮೆರಾದ್ದೇನೂ ತಪ್ಪಿಲ್ಲ.

ಈಗ ಕಾಂಪೌಂಡ್ ಗೋಡೆಯ ಎಂಟು ಫ್ರೇಮುಗಳು. ಇಲ್ಲಿ ನಿಧಾನವಾಗಿ ನೋಡಬೇಕು. ಬಿಸಿಲು, ಮೋಡ, ನೆರಳು, ಸಂಜೆ, ನಾಲ್ಕೂ ಹೆಚ್ಚುಕಮ್ಮಿ ಒಂದೇ ದಟ್ಟಣೆ ಇದ್ದರೆ ನಿಮಗೆ ಒಳ್ಳೆಯ ಕ್ಯಾಮೆರಾ ಸಿಕ್ಕಿದೆ.

ನಾಲ್ಕೂ ದಟ್ಟವಾಗಿದ್ದರೆ ಸೆಲ್ ಮುದಿಯಾಗಿದೆ. ಬೆಳಕು ಇರುವುದಕ್ಕಿಂತ ಕಮ್ಮಿ ಇದೆ ಅಂತ ತಿಳಿದು ಕ್ಯಾಮೆರಾ ದ್ವಾರವನ್ನು ಜಾಸ್ತಿ ತೆರೆಯುತ್ತಿದೆ. ಬಿಸಿಲಿನವು ಮಾತ್ರ ದಟ್ಟ, ಸಂಜೆಯವು ಸರಿ ಇದ್ದರೆ ಸೆಲ್ ಚೆನ್ನಾಗಿದೆ, ಎಲೆಗಳು ಪೂರ್ತಿ ಮುಚ್ಚಿಕೊಳ್ಳುತ್ತಿಲ್ಲ. ಬಿಸಿಲಿನವು ಸರಿ, ಸಂಜೆಯವು ತೆಳು ಆದರೆ ಎಲೆಗಳು ಪೂರ್ತಿ ತೆರೆದುಕೊಳ್ಳುತ್ತಿಲ್ಲ. ಒಂದು ದಟ್ಟ, ಇನ್ನೊಂದು ತೆಳು, ಗೊತ್ತುಗುರಿಯಿಲ್ಲದೆ ಬಂದರೆ ಎಲೆಗಳು ಆಗಾಗ ಸಿಕ್ಕಿಹಾಕಿಕೊಳ್ಳುತ್ತಿವೆ.

ಎಲೆಯ ತೊಂದರೆಗೆ ರಿಪೇರಿಯೇ ಗತಿ. ಮುದಿ ಸೆಲ್ಲಿಗೆ ಮಾತ್ರ ಮನೆಮದ್ದು ಇದೆ. ಫಿಲ್ಮ್ 200ರದ್ದಾದರೂ ಉಂಗುರವನ್ನು 400ಕ್ಕೆ ಇಡಿ. ಕ್ಯಾಮೆರಾ ಅರ್ಧದಷ್ಟು ಬೆಳಕು ಬಿಡುತ್ತದೆ, ಎರಡು ತಪ್ಪು ಸೇರಿ ಸರಿಹೋಗುತ್ತದೆ. ಟ್ರಿಪ್‌ನ ಉಂಗುರ 400ಕ್ಕೇ ಮುಗಿಯುತ್ತದೆ. 400ರ ಫಿಲ್ಮ್ ಹಾಕಿದರೆ ಈ ಆಟಕ್ಕೆ ಜಾಗವೇ ಇರುವುದಿಲ್ಲ. 200ರದ್ದೇ ಹಾಕಿ ಅಂದದ್ದು ಅದಕ್ಕೇ. ಇನ್ನೊಂದು ಕಾರಣವೂ ಇದೆ: 400ರ ಫಿಲ್ಮಿಗೆ ನಮ್ಮ ಸುಡುಬಿಸಿಲಿನಲ್ಲಿ 1/200, ಎಫ್ 22 ಬೇಕಾಗುತ್ತದೆ, ಟ್ರಿಪ್‌ನ ಮಿತಿ ಅಲ್ಲಿಗೇ ಮುಗಿಯುತ್ತದೆ. ಕಲರ್ ನೆಗೆಟಿವ್ ಬೆಳಕು ಒಂದೆರಡು ಮೆಟ್ಟಿಲು ಜಾಸ್ತಿಯಾದರೆ ತಾಳಿಕೊಳ್ಳುತ್ತದೆ, ಕಮ್ಮಿಯಾದರೆ ಮಾತ್ರ ಬಣ್ಣ ಕೊಳಕಾಗುತ್ತದೆ. ಹಾಗಾಗಿ ಒಂಚೂರು ದಟ್ಟ ಬಂದಿದೆ ಅಂತ ಗಾಬರಿ ಬೇಡ.

ಬೆಳಕು ಸೋರಿದ್ದರೆ ನೆಗೆಟಿವ್‌ನಲ್ಲಿ ಕಪ್ಪು ಪಟ್ಟೆ, ಫೋಟೊದಲ್ಲಿ ಕೇಸರಿ ಅಥವಾ ಕೆಂಪು ಬಣ್ಣದ ಉರಿ. ಆ ಕಪ್ಪು ಫ್ರೇಮ್ ದಾಟಿ ಅಂಚಿನ ತೂತುಗಳವರೆಗೂ ಹರಡಿದೆಯಾ? ಹಾಗಿದ್ದರೆ ಹಿಂಬಾಗಿಲಿನ ಸ್ಪಂಜು. ಫ್ರೇಮಿನೊಳಗೇ ನಿಂತಿದೆಯಾ? ಹಾಗಾದರೆ ಬೆಳಕು ಬಂದದ್ದು ಲೆನ್ಸಿನ ಕಡೆಯಿಂದ. ಸೂರ್ಯ ಎದುರಿಗಿದ್ದನೋ, ಷಟರ್ ಪೂರ್ತಿ ಮುಚ್ಚುತ್ತಿಲ್ಲವೋ ನೋಡಬೇಕು. ಬಿಸಿಲಿಗಿಟ್ಟ ಫ್ರೇಮು ಮತ್ತು ಅದರ ಪಕ್ಕದವನ್ನು ಭೂತಗನ್ನಡಿ ಹಿಡಿದು ನೋಡಿ.

ಫ್ರೇಮುಗಳ ನಡುವಿನ ಸಂದು ಸಮನಾಗಿರಬೇಕು. ಒಂದರ ಮೇಲೊಂದು ಏರಿದ್ದರೆ ಸುತ್ತುವ ಹಲ್ಲುಗಳ ತೊಂದರೆ. ರೋಲಿನ ಉದ್ದಕ್ಕೂ ಒಂದೇ ಎತ್ತರದಲ್ಲಿ ತೆಳು ಗೆರೆ ಹರಿದಿದ್ದರೆ ಹಿಂಬಾಗಿಲಿನ ಒತ್ತುತಟ್ಟೆಯ (ಫಿಲ್ಮನ್ನು ಒತ್ತಿ ಹಿಡಿಯುವ ತಗಡು) ಮೇಲೆ ಮರಳಿನ ಕಣ ಕೂತಿರಬಹುದು. ಮೆತ್ತನೆಯ ಬಟ್ಟೆಯಿಂದ ಒರೆಸಿ.

ಫೋಕಸ್ ಮಾತ್ರ ಸ್ಕ್ಯಾನಿನಲ್ಲೇ ದೊಡ್ಡದು ಮಾಡಿ ನೋಡುವುದು ಸುಲಭ. ಎಲ್ಲ ವಸ್ತುಗಳೂ ಒಂದೇ ದಿಕ್ಕಿಗೆ ಜೋಡಿ ಅಂಚು ಬಂದಿದ್ದರೆ ಕೈ ಅಲುಗಾಡಿದೆ, 1/40ರಲ್ಲಿ ಇದು ಸಹಜ. ಪತ್ರಿಕೆ ಮಸುಕಾಗಿ ಡಬ್ಬಿ ಚೂಪಾಗಿದ್ದರೆ ಮುಂದಿನ ಲೆನ್ಸನ್ನು ಹಿಂದೆ ಯಾರೋ ಬಿಚ್ಚಿ ಸರಿಯಾಗಿ ಕೂರಿಸಿಲ್ಲ. ಮೆಕ್ಯಾನಿಕ್ ಅದನ್ನು ಬೆಟ್ಟದ ಗುರುತಿಗೆ ಮತ್ತೆ ಹೊಂದಿಸಬಲ್ಲರು. ಹತ್ತಿರ ಹೋಗುವಾಗ ನೆಗೆಟಿವ್ ಮತ್ತು ನಿಮ್ಮ ಟಿಪ್ಪಣಿ ಎರಡನ್ನೂ ಒಯ್ಯಿರಿ. ಬರೀ ‘ಫೋಟೊ ಸರಿ ಬರ್ತಿಲ್ಲ’ ಅಂದರೆ ಅವರೂ ಕೈಚೆಲ್ಲುತ್ತಾರೆ.

ಮಳೆಗಾಲಕ್ಕೆ

ಕ್ಯಾಮೆರಾವನ್ನು ಅದರ ಚರ್ಮದ ಕವರಿನಲ್ಲಿ ಮುಚ್ಚಿಡಬೇಡಿ. ಚರ್ಮ ತೇವ ಹಿಡಿದಿಟ್ಟುಕೊಂಡು ಬೂಷ್ಟನ್ನು ಸಾಕುತ್ತದೆ. ಗಾಳಿ ಆಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ನೆಗೆಟಿವ್‌ಗಳನ್ನೂ ಕಾಗದದ ಕವರಿನಲ್ಲಿ ಹಾಕಿ ಇಂಥದ್ದೇ ಇನ್ನೊಂದು ಡಬ್ಬಿಗೆ. ವಾರಕ್ಕೊಮ್ಮೆ ತೆಗೆದು ನಾಲ್ಕು ಬಾರಿ ಖಾಲಿ ಕ್ಲಿಕ್ ಮಾಡುತ್ತಿದ್ದರೆ ಎಲೆಗಳೂ ಹಿಡಿದುಕೊಳ್ಳುವುದಿಲ್ಲ. ನೀಲಿ ಸಿಲಿಕಾ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ತೇವ ಕುಡಿದಿದೆ ಅಂತ ಅರ್ಥ, ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ. ಆ ನೀಲಿಯಲ್ಲಿ ಕೋಬಾಲ್ಟ್ ಇರುತ್ತದೆ. ಅದಕ್ಕೊಂದು ಹಳೇ ಬಾಣಲೆ ಬೇರೆ ಇಟ್ಟುಕೊಳ್ಳಿ, ಒಗ್ಗರಣೆಯದು ಬೇಡ.